ಒಳ್ಳೆಯದಕ್ಕೇ ಹೇಳಿದ್ದು

“ಅರ್ಚನಾ ನಿಮ್ಮ ಮುಂದ ಹೇಳಿದ್ದನ್ನ ಅವರಪ್ಪನ ಕಿವಿಗೆ ಹಾಕಿದವರು ಯಾರ್ರಿ?”

ರೇಣುಕಾ ಚಪ್ಪಲಿ ಬಿಡುವುದನ್ನೂ ಮರೆತು ಅಜ್ಜಯ್ಯ ಮೇಷ್ಟ್ರ ಪಡಸಾಲೆಗೆ ನುಗ್ಗಿದ್ದಳು. ಮೇಷ್ಟ್ರು ಪೇಪರ್ ಮಡಚಿಟ್ಟು, ಕನ್ನಡಕ ತೆಗೆದು, “ನಾನ ಹೇಳೀನಿ. ಯಾಕವ್ವಾ?” ಎಂದರು. ತಪ್ಪು ಮಾಡಿದ ಅಳುಕು ಮುಖದ ಮೇಲೆ ಎಳ್ಳಷ್ಟೂ ಇರಲಿಲ್ಲ. ಅವಳಿಗೆ ಅದೇ ಹೆಚ್ಚು ಉರಿಯಿತು.

“ಯಾಕ ಅಂತೀರಲ್ರಿ! ಐದು ದಿನ ಆತು, ಆಕಿ ಕಾಲೇಜಿನ ಮುಖ ನೋಡಿಲ್ಲ. ನಾಳಿ ಬೆಳಿಗ್ಗಿ ಪ್ರಾಕ್ಟಿಕಲ್ ಪರೀಕ್ಷೆ ಐತಿ. ಹೊಸ್ತಿಲು ದಾಟಿಸಂಗಿಲ್ಲ ಅಂತ ಕುಂತಾನ ಅವರಪ್ಪ.”

ನಡೆದದ್ದು ಇಷ್ಟು. ಹೊಸಹಳ್ಳಿ ದಾಟಿ ಕೂಡ್ಲಿಗಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಯಾವನೋ ಒಬ್ಬ ದಿನಾ ಅರ್ಚನಾಳನ್ನು ಪೀಡಿಸುತ್ತಿದ್ದ. ಹುಡುಗಿ ತಿಂಗಳುಗಟ್ಟಲೆ ನುಂಗಿಕೊಂಡು, ಕೊನೆಗೆ ಊರಿನ ಯುವ ಕೇಂದ್ರಕ್ಕೆ ಬಂದು ಮೇಷ್ಟ್ರ ಮುಂದೆ ಬಾಯಿಬಿಟ್ಟಿದ್ದಳು. ಮೇಷ್ಟ್ರು ಅದೇ ಸಂಜೆ ಗುಡಿಯ ಕಟ್ಟೆಗೆ ಅವಳಪ್ಪ ಹುಲುಗಣ್ಣನನ್ನು ಕರೆಸಿ, ಎಲ್ಲವನ್ನೂ ಹೇಳಿ, “ಮಗಳ ಕಡಿ ಸ್ವಲ್ಪ ಲಕ್ಷ್ಯ ಇರಲಪಾ” ಎಂದಿದ್ದರು. ಹುಲುಗಣ್ಣ ಅವರ ಕೈಯಲ್ಲೇ ಅಕ್ಷರ ಕಲಿತವನು. ಗುರುಗಳೇ ಅಷ್ಟು ಹೇಳಿದ ಮೇಲೆ ಅವನಿಗೆ ಬಸ್ಸಿನವನ ಹೆಸರು ಕೂಡ ಬೇಕಾಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಮಗಳ ಕಾಲೇಜು ಬಂದ್ ಆಯಿತು. ಆ ಪುಣ್ಯಾತ್ಮ ಇವತ್ತೂ ಅದೇ ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಂಡು ಹಾಯಾಗಿ ಓಡಾಡುತ್ತಿದ್ದಾನೆ.

“ಹೆತ್ತ ತಂದಿಗೆ ಹೇಳೋದು ತಪ್ಪೇನವ್ವಾ? ಒಳ್ಳೇದಕ್ಕ ಹೇಳೀನಿ. ಮೂವತ್ತೆಂಟು ವರ್ಷ ಮಕ್ಕಳ ನಡುವ ಬಾಳೀನಿ ನಾನು.”

“ಪಾಠ ಹೇಳೀರಿ, ಇಲ್ಲ ಅಂದೋರು ಯಾರು? ಇದು ಪಾಠ ಅಲ್ರಿ. ಹುಡುಗ್ರು ನಂಬಿ ಹೇಳಿದ್ದನ್ನ ಅವರನ್ನ ಕೇಳಲಾರದ ಹೊರಗ ಬಿಡಬಾರದು. ನಾನಾಗಿದ್ರ ಮೊದಲು ಆಕಿನ್ನ ಕೇಳ್ತಿದ್ದೆ, ಏನ್ ಮಾಡಾಣ ಅಂತ. ಆಕಿ ಹೂಂ ಅಂದ್ರ ಅದ ಬಸ್ಸಿನಾಗ ಬಾಜೂಕ ಕುಂತು ಹೋಗ್ತಿದ್ದೆ. ಕಂಡಕ್ಟರ್ ಎದುರಿಗೇ ಅವನ್ನ ಹಿಡೀತಿದ್ದೆ. ಆಮ್ಯಾಲೆ ಅರ್ಚನಾನ ಅವ್ವನ್ನ ಕೂಡಿಸ್ಕೊಂಡು ಮಾತಾಡ್ತಿದ್ದೆ. ಎರಡು ವರ್ಷ ಕುಂತು ಇದನ್ನ ಕಲ್ತು ಬಂದೀನ್ರಿ!”

ಕಲಿತದ್ದನ್ನು ಕೇಳುವವರು ಯಾರು? ಏಳು ವರ್ಷ ಆ ಕೇಂದ್ರ ನಡೆಸಿದವಳು ಅವಳು. ಮೂರು ತಿಂಗಳ ಹಿಂದೆ ಊರಿನ ಸಮಿತಿ ಸೇರಿ, “ಹುಡುಗ್ರ ಜೋಡಿ ಹರಟಿ ಹೊಡ್ಯಾಕ ಸಂಬಳ ಯಾಕ? ಮೇಷ್ಟ್ರು ಪುಕ್ಕಟೆ ನೋಡ್ಕಂತಾರ” ಎಂದು ತೀರ್ಮಾನಿಸಿ, ಒಂದು ಶಾಲು ಹೊದಿಸಿ ಮನೆಗೆ ಕಳಿಸಿತ್ತು. ಕುರಿಗೆ ರೋಗ ಬಂದರೆ ತಿಳಿದವರನ್ನೇ ಹುಡುಕಿಕೊಂಡು ಹೋಗುವ ಊರು ಅದು. ಹದಿನೇಳರ ಮಕ್ಕಳ ಮನಸ್ಸಿಗೆ ಮಾತ್ರ ಯಾರಾದರೂ ನಡೆಯುತ್ತದೆ! ಈಗ ಅವಳು ಕೊಟ್ಟೂರಿನ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಚುತ್ತಾಳೆ. ಅರ್ಚನಾಳ ಗೆಳತಿಯಿಂದ ಸುದ್ದಿ ತಿಳಿದಿದ್ದೇ ಅರ್ಧ ದಿನ ರಜೆ ಹಾಕಿ ಓಡಿಬಂದಿದ್ದಳು. ಕೇಂದ್ರ ಬಿಡುವ ದಿನ ಅವಳೇ ಮಕ್ಕಳಿಗೆ, “ನನಗ ಹೇಳ್ದಂಗ ಮೇಷ್ಟ್ರಿಗೂ ಹೇಳ್ರಿ” ಎಂದಿದ್ದಳು. ಆ ಮಾತು ಈಗ ಅವಳ ಎದೆಯನ್ನೇ ಇರಿಯುತ್ತಿತ್ತು.

“ಏಳ್ರಿ ಮೇಷ್ಟ್ರೇ. ನೀವು ಕಟ್ಟಿದ ಗಂಟು, ನೀವ ಬಂದು ಬಿಚ್ರಿ.”

ಹುಲುಗಣ್ಣ ತನ್ನ ಮನೆಗೆ ಬಂದ ಗುರುಗಳನ್ನು ಕಂಡು ಗಡಬಡಿಸಿ ಎದ್ದು ಕಂಬಳಿ ಹಾಸಿದ. ರೇಣುಕಾ ಕೂರಲಿಲ್ಲ.

“ನಮಗ ಮರ್ಯಾದಿ ಮುಖ್ಯ ರೇಣುಕಕ್ಕಾ. ಓದು ಎಲ್ಲಿಗೆ ಹೋಗ್ತೈತಿ?” ಎಂದ ಅವನು.

“ಮರ್ಯಾದಿ ಬಿಟ್ಟವ ಬಸ್ಸಿನಾಗ ಅದಾನ, ನೀನು ಮನ್ಯಾಗ ಕೂಡಿ ಹಾಕಿದ್ದು ಯಾರನ್ನಣ್ಣಾ? ನಾಳಿ ನೀನೂ ಬಸ್ ಹತ್ತು, ನಾನೂ ಬರ್ತೀನಿ. ಅವನ್ನ ನೋಡಾಣ. ಮಗಳ ಪರೀಕ್ಷೆ ಮಾತ್ರ ತಪ್ಪಿಸಬ್ಯಾಡ, ಕೈ ಮುಗೀತೀನಿ.”

ಹುಲುಗಣ್ಣ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಕಂಬಳಿಯ ಅಂಚು ಹಿಸುಕುತ್ತ, “ಕಳಿಸಪಾ. ನಿನಗ ಹೇಳೋಕಿಂತ ಮುಂಚೆ ನಾನು ಆ ಕೂಸನ್ನ ಒಂದು ಮಾತು ಕೇಳಬೇಕಿತ್ತು” ಎಂದರು. ಹುಲುಗಣ್ಣ ಆಗಲೆಂದು ಗೋಣು ಹಾಕಿದ. ಮೇಷ್ಟ್ರಿಗೆ ಜೀವ ಬಂದಂತಾಗಿ, “ನೋಡಿದ್ಯಾ ರೇಣುಕಾ, ಎಲ್ಲಾ ಸರಿಹೋತು” ಎಂದು ನಕ್ಕರು.

ರೇಣುಕಾ ಒಳಗೆ ಹೋದಳು. ಅರ್ಚನಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹೊರಗಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು. ಆದರೂ ತಲೆ ಎತ್ತಲಿಲ್ಲ.

“ನಾಳಿ ಬೆಳಿಗ್ಗಿ ಬರ್ತೀನಿ, ತಯಾರಾಗಿರು. ಮತ್ತೇನರ ಇದ್ರ ನನಗ ಹೇಳವ್ವಾ.”

“ಏನಿಲ್ಲಕ್ಕಾ.” ಹುಡುಗಿ ರೊಟ್ಟಿಯನ್ನು ಹೆಂಚಿನ ಮೇಲೆ ಹಾಕಿ ನೀರು ಸವರಿದಳು. “ಯಾರ ಮುಂದನೂ ಏನೂ ಹೇಳಬಾರದು ಅಂತ ಗೊತ್ತಾತು. ನನ್ನ ನೋಡಾಕ ಬಂದಿದ್ದ ಕೇಂದ್ರದ ಸಣ್ಣ ಹುಡುಗ್ಯಾರಿಗೂ ಹಂಗ ಹೇಳೀನಿ.”