ಗಂಟೆಗೆ ಹದಿನೆಂಟು

"ಗಂಟೆಗೆಷ್ಟು?"

"ಹದಿನೆಂಟು ಸಾರ್."

"ಸಾರ್ ಅಲ್ಲಮ್ಮ! ಕೇಳೋದು ನಾನಲ್ಲ, ಲೇಬರ್ ಇನ್ಸ್‌ಪೆಕ್ಟರ್. ಹೆಂಗಸು ಅವರು. ಮೇಡಂ ಅನ್ನು. ನೆಲ ನೋಡ್ಕೊಂಡು ಹೇಳಬೇಡ."

ಆಸ್ಪತ್ರೆಗಳ ಬಟ್ಟೆ ಒಗೆಯುವ ಆ ಲಾಂಡ್ರಿಯ ಸೂಪರ್‌ವೈಸರ್ ಬೆಳಿಗ್ಗೆಯಿಂದ ಅವಳಿಗೆ ಇದೊಂದನ್ನೇ ಬಾಯಿಪಾಠ ಮಾಡಿಸುತ್ತಿದ್ದ. ಕಾನೂನಿನ ಪ್ರಕಾರ ಗಂಟೆಗೆ ಹದಿನೆಂಟಕ್ಕಿಂತ ಕಡಿಮೆ ಕೂಲಿ ಯಾರಿಗೂ ಕೊಡುವಂತಿಲ್ಲ. ಅವಳ ಕೈಗೆ ಬರುತ್ತಿದ್ದುದು ಹನ್ನೊಂದು. ಬೇರೆ ದೇಶದಿಂದ ಬಂದವಳು. ಇಲ್ಲಿ ನೆಲೆಸಲು ಬೇಕಾದ ಪರವಾನಗಿ ಮುಂದಿನ ತಿಂಗಳು ಮುಗಿಯುತ್ತಿತ್ತು. ಅದನ್ನು ಮುಂದುವರಿಸಲು ಸೂಪರ್‌ವೈಸರನ ಪತ್ರ ಬೇಕು, ಪತ್ರ ಬೇಕೆಂದರೆ ಅವನ ಮಾತು ಕೇಳಬೇಕು. ಮಗಳು ಇಲ್ಲೇ ಮೂರನೇ ತರಗತಿ ಓದುತ್ತಿದ್ದಳು. ಹಾಗಾಗಿ ಸುಳ್ಳು ಹೇಳುವುದು ಪಾಪವೆಂದು ಅವಳಿಗೆ ಅನ್ನಿಸಲೇ ಇಲ್ಲ. ಎಲ್ಲಿ ಬಾಯಿತಪ್ಪಿ ನಿಜ ಬಂದುಬಿಡುತ್ತದೋ ಎಂಬುದೊಂದೇ ಭಯ.

ಬೆಡ್‌ಶೀಟ್ ಮಡಚುವುದು ಒಬ್ಬರಿಂದಾಗುವ ಕೆಲಸವಲ್ಲ. ಎರಡು ತುದಿಯಲ್ಲಿ ಇಬ್ಬರು ಹಿಡಿದು ಕೊಡವಿ, ನಡುವಿಗೆ ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು. ಅವಳ ಎದುರು ತುದಿಯಲ್ಲಿ ದೊಡ್ಡಕ್ಕ. ಇದೇ ಊರಲ್ಲಿ ಹುಟ್ಟಿ ಬೆಳೆದ ಹೆಂಗಸು. ಬಾಯಿ ಜೋರು, ಮನಸ್ಸು ಬೆಣ್ಣೆ. ಮೂರು ವರ್ಷದಿಂದ ಇಬ್ಬರದೂ ಜೋಡಿ. ದಿನಕ್ಕೆ ನಾನೂರು ಶೀಟು, ಜೊತೆಗೆ ಲೋಕದ ಸುದ್ದಿಯೆಲ್ಲ. ಸಂಬಳದ ಮಾತು ಮಾತ್ರ ಎಂದೂ ಬಂದದ್ದಿಲ್ಲ. ಆ ಮಾತೆತ್ತಿದವರಿಗೆ ಅಂದೇ ಗೇಟ್‌ಪಾಸ್ ಎಂದು ಸೂಪರ್‌ವೈಸರ್ ಎಲ್ಲರಿಗೂ ಹೇಳಿಟ್ಟಿದ್ದ.

ಇಂದೇಕೋ ಮೂಲೆಗಳು ಸೇರುತ್ತಲೇ ಇರಲಿಲ್ಲ.

"ಏನೇ ಪುಟ್ಟಿ, ಮೂರನೇ ಶೀಟು ಬೀಳಿಸ್ತಾ ಇದ್ದೀಯ. ಮೈ ಹುಷಾರಿಲ್ವಾ?"

"ಏನಿಲ್ಲ ದೊಡ್ಡಕ್ಕ. ಕೈ ಬೆವರ್ತಾ ಇದೆ."

"ಇನ್ಸ್‌ಪೆಕ್ಟರ್ ಬರ್ತಾರೆ ಅಂತಾನಾ? ಬಂದ್ರೆ ನಿನ್ನನ್ನೇನು ಹಿಡ್ಕೊಂಡು ತಿಂತಾರಾ? ನಾವೇನು ಯಾರ ಮನೆ ಗಂಟು ಕದ್ದಿದ್ದೀವಿ?"

ಅವಳು ನಕ್ಕಳು. ನಿಜ ಹೇಳಬೇಕೆಂದರೆ ಬೆಳಿಗ್ಗೆಯಿಂದ ಹದಿನೆಂಟು, ಹದಿನೆಂಟು ಎಂದು ಹೇಳಿ ಹೇಳಿ ಭಯದ ನಡುವೆಯೇ ಒಂದು ಬಗೆಯ ಹಿತವೂ ಆಗಿತ್ತು. ದೊಡ್ಡಕ್ಕನಿಗೆ ಸಿಗುವುದೂ ಅಷ್ಟೇ ಇರಬೇಕು ಎಂದುಕೊಂಡಿದ್ದಳು. ಸುಳ್ಳಾದರೇನು, ಒಂದು ದಿನದ ಮಟ್ಟಿಗಾದರೂ ಇಬ್ಬರೂ ಸಮ.

ಇನ್ಸ್‌ಪೆಕ್ಟರ್ ಬಂದರು. ಯಂತ್ರ ನಿಲ್ಲಿಸುವುದು ಬೇಡ ಎಂದು ಕೈಸನ್ನೆ ಮಾಡಿ, ಪುಸ್ತಕ ಬಿಡಿಸಿ ಮೊದಲು ದೊಡ್ಡಕ್ಕನ ಹತ್ತಿರ ನಿಂತರು. ಸೂಪರ್‌ವೈಸರ್ ಬಂದು ಇವಳ ಬೆನ್ನ ಹಿಂದೆಯೇ ನಿಂತ.

"ನಿಮಗೆ ಗಂಟೆಗೆಷ್ಟು ಕೊಡ್ತಾರಮ್ಮ?"

"ಇಪ್ಪತ್ತೆರಡು ಮೇಡಂ," ಎಂದಳು ದೊಡ್ಡಕ್ಕ. ಯಾರೂ ಕೇಳದಿದ್ದರೂ ಪ್ರೀತಿಯಿಂದ ಸೇರಿಸಿದಳು: "ನಮ್ಮ ಪುಟ್ಟಿಗೂ ಅಷ್ಟೇ. ಇಬ್ಬರೂ ಹಿಡಿಯೋದು ಒಂದೇ ಶೀಟಲ್ವಾ?"

ಇನ್ಸ್‌ಪೆಕ್ಟರ್ ಬರೆದುಕೊಂಡು ಇವಳ ಕಡೆ ತಿರುಗಿದರು. "ಹೌದೇನಮ್ಮ? ನಿಮಗೆಷ್ಟು?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಪತ್ರ, ಪರವಾನಗಿ, ಮಗಳ ಶಾಲೆ ಎಲ್ಲ ಉಳಿಯುತ್ತದೆ. ಹಿಂದಿನಿಂದ ಸೂಪರ್‌ವೈಸರ್ ಕೆಮ್ಮಿದ. ಹನ್ನೊಂದಕ್ಕೆ ಅವಳು ಎಂದೋ ಒಗ್ಗಿಹೋಗಿದ್ದಳು, ಅದು ಹೊಟ್ಟೆಪಾಡು. ಈ ಹದಿನೆಂಟಕ್ಕೆ ಮಾತ್ರ ಒಗ್ಗಲಾಗಲಿಲ್ಲ. ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಅವಳು ಇನ್ಸ್‌ಪೆಕ್ಟರನ್ನು ಬಿಟ್ಟು ಹಿಂದಕ್ಕೆ ತಿರುಗಿದಳು.

"ಹೇಗೂ ಸುಳ್ಳೇ ತಾನೇ ಸಾರ್? ಅದರಲ್ಲೂ ಯಾಕೆ ನಾಲ್ಕು ಕಡಿಮೆ ಮಾಡಿದ್ರಿ?"