ಯಾರೂ ಹಿಡಿಯದ ಆಟಗಾರ

ತಾಲ್ಲೂಕು ಕಬಡ್ಡಿ ಲೀಗಿಗೆ ಐವತ್ತು ವರ್ಷ ತುಂಬಿತ್ತು. ಅದರ ಚರಿತ್ರೆ ಬರೆಯಲು ಹೊರಟ ಮೇಷ್ಟ್ರು, ಲೀಗಿನ ಅಧ್ಯಕ್ಷ ಗೌಡನನ್ನು ಕರೆದುಕೊಂಡು ಕೇರಿಗೆ ಬಂದರು. ಮುದುಕ ಸಿದ್ದಮಾದಯ್ಯ ಜಗಲಿಯಿಂದ ಏಳಲಿಲ್ಲ. ತಾನು ಲೀಗಿನಲ್ಲಿ ಆಡಿದ ವರ್ಷ ಎದುರು ತಂಡದಲ್ಲಿದ್ದ ಈ ಗೌಡನ ಮೂತಿ ನೋಡುವುದೂ ಅವನಿಗೆ ಬೇಡವಾಗಿತ್ತು. ಗೌಡ ಕೂರಲಿಲ್ಲ, ನೀರು ಕೊಟ್ಟರೆ, "ಈಗಷ್ಟೇ ಕುಡ್ದೆ" ಎಂದು ಹಲ್ಲು ಕಿರಿದ.

ಮೇಷ್ಟ್ರು ಕೇಳಿದರು, "ನೀವು ಆಡಿದ್ದು ಒಂದೇ ವರ್ಷವಂತೆ. ರೈಡಿಗೆ ಹೋದ ನಿಮ್ಮನ್ನ ಯಾರೂ ಒಂದ್ಸಲವೂ ಹಿಡೀಲಿಲ್ವಂತೆ?"

"ಅದೇನ್ ಓಟ ಅಂತೀರಿ ಮೇಷ್ಟ್ರೆ, ಮಿಂಚು," ಎಂದ ಗೌಡ.

ಸಿದ್ದಮಾದಯ್ಯ ಎಲೆಯಡಿಕೆ ಪಕ್ಕಕ್ಕೆ ಉಗಿದ.

"ಓಟ ಎಲ್ಲಿ ಬಂತು? ನಡ್ಕೊಂಡೇ ಹೋಯ್ತಿದ್ದೆ, ನಡ್ಕೊಂಡೇ ಬತ್ತಿದ್ದೆ. ಹಿಡೀಬೇಕು ಅಂದ್ರೆ ಇವ್ರು ನನ್ನ ಮುಟ್ಬೇಕಿತ್ತಲ್ಲ."