ಹಳ್ಳದ ಆಚೆ ದಡ

"ಎಲ್ರೂ ವಾಪಸ್ ಹೋಗಿ!" ಎಂದು ನಿವೃತ್ತ ಕರ್ನಲ್ ಚಂದ್ರಮೌಳಿ ಎರಡನೇ ಸಲ ಕೂಗಿದರೂ ಅವರ ಇಪ್ಪತ್ತು ಆಳುಗಳಲ್ಲಿ ಒಬ್ಬನೂ ಕದಲಲಿಲ್ಲ. ಹಳ್ಳದ ಆಚೆ ದಡದಲ್ಲಿ ಅವರ ಅಣ್ಣ ಜಯದೇವಪ್ಪನವರ ಸುತ್ತ ಅವರ ಆಳುಗಳೂ ಕತ್ತಿ ಹಿಡಿದು ನಿಂತಿದ್ದರು. ಈ ವರ್ಷ ಕಾಫಿ ಹೂ ಅರಳಲು ಬೇಕಾದ ಮಳೆ ಬಂದಿರಲಿಲ್ಲ. ಅಣ್ಣ ಹಳ್ಳದ ಮೇಲ್ಭಾಗದಲ್ಲಿ ಕಟ್ಟೆ ಹಾಕಿಸಿ ನೀರನ್ನೆಲ್ಲ ತಮ್ಮ ತೋಟಕ್ಕೆ ತಿರುಗಿಸಿಕೊಂಡಿದ್ದರು. ಅದನ್ನು ಒಡೆಯಲು ಜನ ಕಟ್ಟಿಕೊಂಡು ಬಂದವರು ಕರ್ನಲ್ಲರೇ. ಅಷ್ಟರಲ್ಲಿ ಆಚೆಯಿಂದ ಬಂದ ಕಲ್ಲೊಂದು ಮೇಸ್ತ್ರಿ ಮಲ್ಲೇಶನ ಹಣೆ ಒಡೆದಿತ್ತು; ಆ ರಕ್ತ ಕಂಡೇ ಅವರು ವಾಪಸ್ ಹೋಗಿ ಎಂದು ಕೂಗಿದ್ದು.

"ನೀವು ಸುಮ್ನಿರಿ ಸಾಹೇಬ್ರೆ. ಇನ್ನು ನಾವು ನೋಡ್ಕೋತೀವಿ," ಎಂದ ಮಲ್ಲೇಶ, ರಕ್ತವನ್ನೂ ಒರೆಸಿಕೊಳ್ಳದೆ. ಆಚೆ ನಿಂತವರಲ್ಲಿ ಅವನ ಸ್ವಂತ ಭಾವಮೈದುನನೂ ಇದ್ದ.

ಮೂವತ್ತು ವರ್ಷ ಸೈನ್ಯದಲ್ಲಿ ಯಾರೂ ಮೀರದ ಮಾತು ಅವರದು. ಕರ್ನಲ್ ಒಣಗಿದ ಹಳ್ಳ ದಾಟಿ, ಅಣ್ಣನ ಆಳುಗಳಿಗೆ ಬೆನ್ನು ಕೊಟ್ಟು, ತಮ್ಮವರಿಗೇ ಎದುರಾಗಿ ನಿಂತರು.

"ಈ ಕಡೆ ಬನ್ನಿ ಸಾಹೇಬ್ರೆ, ಅವ್ರು ಕಡೀತಾರೆ!" ಎಂದು ಮಲ್ಲೇಶ ಕೂಗಿದ.

"ಕಡೀಲಿ ಮಾರಾಯ. ನಿಮ್ಮನ್ನ ಕರ್ಕೊಂಡು ಬಂದೋನೇ ನಾನು. ಮುಂದೆ ಬರೋದಾದ್ರೆ ಮೊದ್ಲು ನನ್ನ ಕಡಿದು ಬನ್ನಿ."

ಒಂದು ಕತ್ತಿಯೂ ಕೆಳಗಿಳಿಯಲಿಲ್ಲ. ಬೆನ್ನ ಹಿಂದೆ ತರಗೆಲೆ ಸದ್ದಾಯಿತು. ಯಾರೋ ಹತ್ತಿರ ಬರುತ್ತಿದ್ದರು. ತಿರುಗಿ ನೋಡುವ ಧೈರ್ಯವಿಲ್ಲದೆ ಕರ್ನಲ್ ಕಣ್ಣು ಮುಚ್ಚಿಕೊಂಡರು. ಹೆಜ್ಜೆ ಅವರ ಪಕ್ಕಕ್ಕೇ ಬಂದು ನಿಂತಿತು.

"ಒಂದು ಗುದ್ದಲಿ ಕೊಡ್ರೋ," ಎಂದರು ಜಯದೇವಪ್ಪನವರು. "ಕಟ್ಟೆ ನಾನೇ ಒಡೀತೀನಿ."